ಹೊಲಿಗೆ ಬಿಚ್ಚಿದ ಮೇಲೂ ಮೂರು ತಿಂಗಳು

ಹೊಟ್ಟೆ ಕೊಯ್ದು ಮಾಡಿದ ಆಪರೇಶನ್ನಿಗೆ ಎಂಟು-ಹತ್ತು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಅಷ್ಟರಲ್ಲಿ ಗಾಯದ ಬಾಯಿ ಕೂಡಿರುತ್ತದೆ. ಕೀವಿಲ್ಲ, ನೋವೂ ಇಳಿದಿದೆ. ಅದೇ ಹೊತ್ತಿಗೆ ಡಾಕ್ಟರು, "ಮೂರು ತಿಂಗಳು ಭಾರ ಎತ್ತಬೇಡಿ" ಅನ್ನುತ್ತಾರೆ. ಗಾಯ ಮಾಯಿದ್ದರಿಂದ ತಾನೇ ಹೊಲಿಗೆ ಬಿಚ್ಚಿದ್ದು? ಮಾಯಿದ ಮೇಲೆ ಮೂರು ತಿಂಗಳು ಯಾಕೆ? ಇನ್ನೂ ಮಾಯದೆ ಇದ್ದರೆ ಹೊಲಿಗೆ ಬಿಚ್ಚಿದ್ದೇಕೆ?

ಎಮ್ಮಿಗನೂರು, ಕಂಪ್ಲಿ ಕಡೆ ಈ ಪ್ರಶ್ನೆಗೆ ಹೊಟ್ಟೆಪಾಡಿನ ತೂಕವಿದೆ. ಇದು ತುಂಗಭದ್ರಾ ಕಾಲುವೆ ನೀರಿನ ಭತ್ತದ ಸೀಮೆ. ಭತ್ತದ ವ್ಯಾಪಾರವೆಲ್ಲ 75 ಕಿಲೋ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಕೊಯ್ಲಿನ ಹಂಗಾಮಿನಲ್ಲಿ ಹಮಾಲರು ಆ ಚೀಲವನ್ನು ಬೆನ್ನಿಗೇರಿಸಿ ಲಾರಿಗೆ ಹಾಕುತ್ತಾರೆ. ಅಂಥವರೊಬ್ಬರು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿ ಆಪರೇಶನ್ ಮಾಡಿಸಿಕೊಂಡು, ಹೊಲಿಗೆ ಬಿಚ್ಚುವ ತನಕ ಅಲ್ಲೇ ನೆಂಟರ ಮನೆಯಲ್ಲಿ ಉಳಿದು, ಊರಿಗೆ ಬಸ್ಸು ಹತ್ತುತ್ತಾರೆ. ಬಂದವರನ್ನು ನೋಡಿದ ಓಣಿಯ ಹಿರಿಯರು, "ಹೊಲಿಗಿ ಬಿಚ್ಯಾರಲ್ಲ ತಮ್ಮಾ, ಇನ್ನೇನೈತಿ" ಅನ್ನುತ್ತಾರೆ. ಇನ್ನೂ ಇರುವುದೇನು ಎಂದು ಹೇಳುವುದಕ್ಕೆ ಈ ಅಧ್ಯಾಯ.

ಮುಚ್ಚುವುದು ಬೇಗ, ಗಟ್ಟಿಯಾಗುವುದು ತಡ

ಚರ್ಮದ ಮೇಲ್ಪದರದ ಕಣಗಳು ಆತುರಗಾರ ಜಾತಿ. ಕೊಯ್ದ ಎರಡು ಅಂಚುಗಳನ್ನು ಹೊಲಿಗೆಯಲ್ಲಿ ಹತ್ತಿರ ತಂದು ಇಟ್ಟರೆ ಸಾಕು, ಎರಡೂ ಕಡೆಯಿಂದ ಕಣಗಳು ತೆವಳಿ ಒಂದೆರಡು ದಿನದಲ್ಲಿ ನಡುವಿನ ಗೆರೆಯನ್ನು ಮುಚ್ಚಿಬಿಡುತ್ತವೆ. ಆ ಪದರ ಕಾಗದಕ್ಕಿಂತ ತೆಳು. ನೀರು, ಧೂಳು ಒಳಗೆ ಹೋಗದಂತೆ ಅದು ತಡೆಯಬಲ್ಲದು. ಎಳೆತ ತಾಳುವ ಶಕ್ತಿ ಮಾತ್ರ ಅದಕ್ಕಿಲ್ಲ.

ಹೊಟ್ಟೆಯ ಭಾರ ಹೊರುವ ಪದರ ಬೇರೆಯೇ ಇದೆ. ಚರ್ಮ, ಅದರ ಕೆಳಗಿನ ಕೊಬ್ಬು ದಾಟಿ ಒಳಗೆ ಹೋದರೆ ಸ್ನಾಯುಗಳನ್ನು ಸುತ್ತಿಕೊಂಡ, ಬೆಳ್ಳಗೆ ಹೊಳೆಯುವ ಗಟ್ಟಿ ಹಾಳೆ ಸಿಗುತ್ತದೆ. ವೈದ್ಯರು ಅದನ್ನು ಫ್ಯಾಸಿಯಾ ಎನ್ನುತ್ತಾರೆ. ನಾವು ಹೊದಿಕೆಪೊರೆ ಎನ್ನೋಣ. ಕೆಮ್ಮಿದಾಗ, ತಿಣುಕಿದಾಗ, ಚೀಲ ಎತ್ತಿದಾಗ ಕರುಳು ಹೊರಕ್ಕೆ ನುಗ್ಗದಂತೆ ಹಿಡಿದಿಡುವುದು ಇದೇ ಪೊರೆ. ಶಸ್ತ್ರವೈದ್ಯರು ಚರ್ಮಕ್ಕೆ ಒಂದು ಹೊಲಿಗೆ ಹಾಕಿದರೆ ಹೊದಿಕೆಪೊರೆಗೆ ಬೇರೆಯೇ ಹೊಲಿಗೆ ಹಾಕಿರುತ್ತಾರೆ. ಹತ್ತನೇ ದಿನ ಬಿಚ್ಚುವುದು ಮೇಲಿನದು ಮಾತ್ರ. ಒಳಗಿನ ದಾರ ಅಲ್ಲೇ ಉಳಿದು ಹಲವು ವಾರ, ಕೆಲವು ಜಾತಿಯ ದಾರವಾದರೆ ತಿಂಗಳುಗಟ್ಟಲೆ, ಹಿಡಿತ ಕೊಡುತ್ತದೆ. ರೋಗಿಗೆ ಅದು ಕಾಣುವುದಿಲ್ಲ. ಎಷ್ಟೋ ಮಂದಿಗೆ ಹಾಗೊಂದು ಹೊಲಿಗೆ ಇದೆ ಎಂದು ಯಾರೂ ಹೇಳಿರುವುದೂ ಇಲ್ಲ. ಕಣ್ಣಿಗೆ ಕಂಡ ಗೆರೆ ಕೂಡಿತು ಎಂದ ಮೇಲೆ ಒಳಗೂ ಕೂಡಿತು ಎಂದು ಯಾರಾದರೂ ನಂಬುತ್ತಾರೆ.

ಒಳಗೆ ಎಷ್ಟು ಕೂಡಿದೆ ಎಂಬುದನ್ನು ಪ್ರಾಣಿಗಳ ಚರ್ಮ ಕೊಯ್ದು, ಹೊಲಿದು, ಬೇರೆ ಬೇರೆ ದಿನಗಳಲ್ಲಿ ಎಳೆದು ನೋಡಿ ಅಳೆದಿದ್ದಾರೆ. ಕೊಯ್ಯದ ಚರ್ಮದ ಗಟ್ಟಿತನವನ್ನು ನೂರು ಎಂದು ಹಿಡಿಯಿರಿ. ಒಂದು ವಾರದ ಗಾಯದ ಗಟ್ಟಿತನ ಮೂರರ ಆಸುಪಾಸು. ಮೂರು ವಾರಕ್ಕೆ ಇಪ್ಪತ್ತು. ಮೂರು ತಿಂಗಳಿಗೆ ಸುಮಾರು ಎಂಬತ್ತು. ಅಲ್ಲಿಗೆ ನಿಂತುಬಿಡುತ್ತದೆ. ಒಮ್ಮೆ ಕೊಯ್ದ ಜಾಗ ನೂರಕ್ಕೆ ಮರಳುವುದಿಲ್ಲ. ಹೊಲಿಗೆ ಬಿಚ್ಚಿದ ದಿನ ಗಾಯ ತನ್ನ ಸ್ವಂತ ಬಲದಲ್ಲಿ ನೂರಕ್ಕೆ ಹತ್ತು ಪಾಲೂ ಇರುವುದಿಲ್ಲ. ಡಾಕ್ಟರ ಮೂರು ತಿಂಗಳು ಇಲ್ಲಿಂದ ಬಂದದ್ದು.

ಹಾಗಾದರೆ ಅಷ್ಟು ದಿನ ಅಲ್ಲಿ ನಡೆಯುವುದೇನು?

ಮೊದಲು ಶುಚಿ, ಆಮೇಲೆ ನಾರು

ಕೊಯ್ದ ಕ್ಷಣದಿಂದ ಮೊದಲ ಕೆಲಸ ರಕ್ತ ನಿಲ್ಲಿಸುವುದು. ಅದು ನಿಮಿಷಗಳಲ್ಲಿ ಆಗುತ್ತದೆ. ಅದರ ಬೆನ್ನಿಗೇ ರಕ್ತನಾಳಗಳು ಸಡಿಲಾಗಿ ಬಿಳಿ ರಕ್ತಕಣಗಳನ್ನು ಗಾಯಕ್ಕೆ ಬಿಡುತ್ತವೆ. ಅವು ರೋಗಾಣುಗಳನ್ನು, ಸತ್ತ ಕಣಗಳನ್ನು, ಹೆಪ್ಪಿನ ಚೂರುಗಳನ್ನು ತಿಂದು ಜಾಗ ಶುಚಿ ಮಾಡುತ್ತವೆ. ಆಪರೇಶನ್ ಆದ ಮೂರು-ನಾಲ್ಕು ದಿನ ಗಾಯದ ಅಂಚು ಕೆಂಪಗೆ, ಬೆಚ್ಚಗೆ, ಸ್ವಲ್ಪ ಊದಿಕೊಂಡು ಇರುವುದು ಇದರಿಂದಲೇ. ಆ ಕೆಂಪು ದಿನದಿನಕ್ಕೆ ಇಳಿಯಬೇಕು. ಇಳಿಯದೆ ಏರುತ್ತ ಹೋದರೆ, ಜ್ವರ ಬಂದರೆ, ಸೋರಿದರೆ ಕೂಡಲೇ ತೋರಿಸಬೇಕು. ಮೊದಲ ಹತ್ತು ದಿನ ಆಸ್ಪತ್ರೆ ಇರುವ ಊರಿನಲ್ಲೇ ಉಳಿಯಿರಿ ಎನ್ನುವುದು ಈ ಕಾರಣಕ್ಕೆ.

ಶುಚಿಯಾದ ಜಾಗಕ್ಕೆ ಇನ್ನೊಂದು ಜಾತಿಯ ಕಣಗಳು ಬರುತ್ತವೆ. ಇವುಗಳ ಕೆಲಸ ಕೊಲಾಜೆನ್ ಎಂಬ ಪ್ರೋಟೀನು ತಯಾರಿಸುವುದು. ಇದಕ್ಕೆ ಹುರಿನಾರು ಎಂಬ ಹೆಸರಿಡೋಣ. ನಮ್ಮ ಮೈಯಲ್ಲಿ ಬೇರೆ ಎಲ್ಲ ಪ್ರೋಟೀನುಗಳಿಗಿಂತ ಹೆಚ್ಚು ಇರುವುದು ಇದೇ. ಚರ್ಮ, ಮೂಳೆ, ಸ್ನಾಯುರಜ್ಜು, ಹೊದಿಕೆಪೊರೆ, ಎಲ್ಲದರ ಬಿಗಿ ಇದರದು.

ಈ ಸೀಮೆಯಲ್ಲಿ ಪುಂಡಿಯ ನಾರಿನಿಂದ ಹಗ್ಗ ಹೊಸೆಯುವುದನ್ನು ಹಿರಿಯರು ಕಂಡಿದ್ದಾರೆ. ಪುಂಡಿ ಕಡ್ಡಿಯನ್ನು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಒಣಗಿಸಿ, ಎಳೆಗೆ ಎಳೆ ಕೂಡಿಸಿ ಹುರಿ ಮಾಡುವುದು. ಒಂದು ಎಳೆ ನಾರು ಬೆರಳಲ್ಲಿ ಎಳೆದರೆ ಕಿತ್ತುಹೋಗುತ್ತದೆ. ಮೂರು ಎಳೆ ಹುರಿ ಮಾಡಿ, ಅಂಥ ಹುರಿಗಳನ್ನು ಮತ್ತೆ ಕೂಡಿಸಿ ಹೊಸೆದರೆ ಎತ್ತನ್ನು ಕಟ್ಟಬಹುದು. ಮೈಯೊಳಗಿನ ಹುರಿನಾರು ಅಕ್ಷರಶಃ ಇದೇ ಬಗೆಯದು: ಮೂರು ಪ್ರೋಟೀನು ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಒಂದು ಹುರಿ. ಅಂಥ ಹುರಿಗಳು ಸಾಲಾಗಿ ಸೇರಿ ಒಂದು ಎಳೆ, ಎಳೆಗಳು ಸೇರಿ ಹಗ್ಗ.

ಮೊದಲ ವಾರದ ಕೊನೆಯಿಂದ ಮೂರನೇ ವಾರದ ತನಕ ಗಾಯದಲ್ಲಿ ಈ ನಾರು ಭರದಿಂದ ತಯಾರಾಗುತ್ತದೆ. ಆದರೆ ಮೊದಲ ಸುತ್ತಿನ ನಾರು ತೆಳ್ಳನೆಯ ಜಾತಿ. ಅದು ಹೇಗೆಂದರೆ ಹಾಗೆ, ದಿಕ್ಕು-ದೆಸೆ ಇಲ್ಲದೆ ಹಾಸಿಕೊಂಡಿರುತ್ತದೆ. ತುಂಬಾ ನಾರಿದೆ, ಬಿಗಿ ಇಲ್ಲ. ಗಾಯದ ಗೆರೆ ಆಗ ಉಬ್ಬಿ, ಕೆಂಪಾಗಿ, ಮುಟ್ಟಿದರೆ ಗಂಟುಗಂಟಾಗಿ ಸಿಗುವುದನ್ನು ನೀವು ನೋಡಿರುತ್ತೀರಿ. ಜನ ಅದನ್ನು ಕಂಡು, ಗಟ್ಟಿಯಾಯಿತು ಎಂದುಕೊಳ್ಳುತ್ತಾರೆ. ಒಳಗೆ ಇನ್ನೂ ತೀರಾ ದುರ್ಬಲವಾಗಿರುವ ಹೊತ್ತು ಅದೇ.

ಮೂರು ವಾರದ ನಂತರ ಹೊಸ ನಾರು ಹೆಚ್ಚುವುದಿಲ್ಲ. ಹಳೆಯದನ್ನು ಕಿತ್ತು ಮತ್ತೆ ಹೊಸೆಯುವ ಕೆಲಸ ಶುರುವಾಗುತ್ತದೆ. ತೆಳು ನಾರನ್ನು ಕತ್ತರಿಸುವ ಕಿಣ್ವಗಳು ಒಂದು ಕಡೆ, ಅದರ ಜಾಗಕ್ಕೆ ದಪ್ಪ ಜಾತಿಯ ನಾರು ಹಾಕುವ ಕಣಗಳು ಇನ್ನೊಂದು ಕಡೆ. ಹೊಸ ನಾರು ಗಾಯದ ಮೇಲೆ ಎಳೆತ ಬೀಳುವ ದಿಕ್ಕಿಗೆ ಸಾಲುಗಟ್ಟುತ್ತದೆ. ಅಕ್ಕಪಕ್ಕದ ಹುರಿಗಳ ನಡುವೆ ರಾಸಾಯನಿಕ ಗಂಟುಗಳು ಬೀಳುತ್ತವೆ. ಹಗ್ಗದ ನಿಜವಾದ ಬಲ ಬರುವುದು ಈ ಗಂಟುಗಳಿಂದ. ನಾರಿನ ಒಟ್ಟು ತೂಕ ಹೆಚ್ಚದಿದ್ದರೂ ಬಿಗಿ ಮೂರ್ನಾಲ್ಕು ಪಟ್ಟು ಏರುವುದು ಹೀಗೆ. ಕೆಂಪು ಗೆರೆ ತಿಂಗಳುಗಳ ಮೇಲೆ ಬೆಳ್ಳಗಾಗಿ, ಚಪ್ಪಟೆಯಾಗಿ, ಮೆತ್ತಗಾಗುವುದೂ ಇದೇ ಕೆಲಸದ ಹೊರಗುರುತು. ಅದು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ನಡೆಯುತ್ತದೆ.

ಮೈಸೂರು ಯುದ್ಧದ ಒಂದು ಮೂಗು

ನಾರು ಹೊಸೆಯುವ ಕಣಗಳಿಗೆ ಪ್ರಾಣವಾಯು ಬೇಕು, ಅಂದರೆ ರಕ್ತ ಬೇಕು. ಕೊಯ್ದ ಜಾಗದಲ್ಲಿ ಹಳೆಯ ಕಿರುನಾಳಗಳು ತುಂಡಾಗಿರುತ್ತವೆ. ಹೊಸವು ಚಿಗುರಬೇಕು. ಅದಕ್ಕೆ ಎಷ್ಟು ದಿನ ಬೇಕೆಂಬುದನ್ನು ನಮ್ಮ ನಾಡಿನ ಯುದ್ಧಕ್ಕೆ ಸೇರಿದ ಒಂದು ಹಳೆಯ ವರದಿ ಚೆನ್ನಾಗಿ ಹೇಳುತ್ತದೆ.

ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೊವಾಸ್ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ. ಅವನ ಮೂಗು, ಒಂದು ಕೈ ಕತ್ತರಿಸಿ ಬಿಟ್ಟರು. ಮುಂದೆ ಪುಣೆ ಸೀಮೆಯ ಒಬ್ಬ ಕುಶಲಿ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದ. ಇಂಗ್ಲಿಷ್ ವೈದ್ಯರು ನಿಂತು ನೋಡಿದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಈ ಸುದ್ದಿಯನ್ನು ಚಿತ್ರದ ಸಮೇತ ಅಚ್ಚುಮಾಡಿತು. ಹಣೆಯ ಚರ್ಮದಿಂದ ಮೂಗು ಕಟ್ಟುವ ಈ ವಿದ್ಯೆಯನ್ನು ಯುರೋಪಿನ ವೈದ್ಯರು ಕೈಗೆತ್ತಿಕೊಳ್ಳಲು ಈ ವರದಿ ದಾರಿಯಾಯಿತು.

ಆ ಕುಶಲಿಯ ಜಾಣ್ಮೆ ಎಲ್ಲಿತ್ತು ಎಂದರೆ, ಅವನು ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸಿ ತೆಗೆಯಲಿಲ್ಲ. ಹುಬ್ಬುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಹಾಗೆಯೇ ಬಿಟ್ಟು, ಚರ್ಮವನ್ನು ತಿರುಗಿಸಿ ಮೂಗಿನ ಜಾಗಕ್ಕೆ ಕೂಡಿಸಿದ. ಹೊಸ ಮೂಗಿಗೆ ರಕ್ತ ಆ ಪಟ್ಟಿಯ ಮೂಲಕವೇ ಹರಿಯುತ್ತಿತ್ತು. ರೋಗಿಯನ್ನು ಐದಾರು ದಿನ ಅಂಗಾತ ಮಲಗಿಸಿ, ಹತ್ತನೇ ದಿನ ಹೊಳ್ಳೆಗಳಿಗೆ ಬಟ್ಟೆಯ ಬತ್ತಿ ಇಟ್ಟು, ಪಟ್ಟಿಯನ್ನು ಕತ್ತರಿಸುತ್ತಿದ್ದುದು ಸುಮಾರು ಇಪ್ಪತ್ತೈದನೇ ದಿನ. ಅಷ್ಟರಲ್ಲಿ ಕೆನ್ನೆಯ ಕಡೆಯಿಂದ ಹೊಸ ನಾಳಗಳು ಚಿಗುರಿ ಮೂಗನ್ನು ಸಾಕತೊಡಗಿರುತ್ತವೆ. ರಕ್ತನಾಳದ ಬೆಳವಣಿಗೆಯ ಬಗ್ಗೆ ಪುಸ್ತಕವಿಲ್ಲದ ಕಾಲದಲ್ಲಿ, ಬರಿ ನೋಡಿ ನೋಡಿ ಕಲಿತ ಲೆಕ್ಕ ಅದು. ಇಂದಿನ ಶಸ್ತ್ರವೈದ್ಯರೂ ಹಣೆಯ ಚರ್ಮದ ಮೂಗು ಕಟ್ಟುವಾಗ ಮೂರು ವಾರದ ಆಸುಪಾಸು ಕಾಯುತ್ತಾರೆ. ಇನ್ನೂರು ವರ್ಷಗಳಲ್ಲಿ ಅರಿವಳಿಕೆ ಬಂತು, ಆಂಟಿಬಯೋಟಿಕ್ ಬಂತು, ಸೂಜಿ-ದಾರ ಸೂಕ್ಷ್ಮವಾಯಿತು. ಕಾಯುವ ದಿನಗಳು ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇವೆ.

ಬೀಡಿ, ಗುಟ್ಕಾ, ಜರ್ದಾ ಬಿಡಿ ಎಂದು ಆಪರೇಶನ್ನಿಗೆ ಮೊದಲು ಹೇಳುವುದರ ಕಾರಣವೂ ಇಲ್ಲೇ ಇದೆ. ತಂಬಾಕಿನ ನಿಕೋಟಿನ್ ಕಿರುನಾಳಗಳನ್ನು ಹಿಂಡಿ ಬಿಗಿ ಮಾಡುತ್ತದೆ. ಬೀಡಿಯ ಹೊಗೆಯಾದರೆ ರಕ್ತ ಹೊರುವ ಪ್ರಾಣವಾಯುವನ್ನೂ ಕಡಿಮೆ ಮಾಡುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಕಿರುನಾಳಗಳು ಮೊದಲೇ ಹಾಳಾಗಿರುತ್ತವೆ, ಬಿಳಿ ರಕ್ತಕಣಗಳು ಸೋಮಾರಿಯಾಗಿರುತ್ತವೆ. ಶುಚಿಯೂ ತಡ, ಹೊಸೆಯುವುದೂ ತಡ.

ಫ್ರಾನ್ಸಿನ ಒಂದು ಊರಿನಲ್ಲಿ ಗಾಯಗಳ ಅಳತೆ

ಗಾಯ ತನ್ನದೇ ಗತಿಯಲ್ಲಿ ಮಾಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಆ ಗತಿಯನ್ನು ಮೊದಲು ಗೆರೆ ಹಾಕಿ ತೋರಿಸಿದ್ದು ಪ್ಯಾರಿಸ್ಸಿನ ಉತ್ತರಕ್ಕಿರುವ ಕೊಂಪಿಯೆನ್ ಎಂಬ ಊರಿನಲ್ಲಿ. ಮೊದಲ ಮಹಾಯುದ್ಧದ ಕಾಲದ ಮಾತು. ಯುದ್ಧರಂಗ ಹತ್ತಿರದಲ್ಲೇ ಇತ್ತು. ಗಾಯಗೊಂಡ ಸೈನಿಕರು ತಮ್ಮ ಊರು ಬಿಟ್ಟು ಇಲ್ಲಿನ ಆಸ್ಪತ್ರೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗಿದ್ದರು. ಅದನ್ನು ನಡೆಸುತ್ತಿದ್ದವನು ಅಲೆಕ್ಸಿ ಕಾರೆಲ್.

ಕಾರೆಲ್ ಲಿಯಾನ್ ಸೀಮೆಯವನು. 1894ರಲ್ಲಿ ಲಿಯಾನ್ ನಗರದಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋನನ್ನು ಇರಿದರು. ಹೊಟ್ಟೆಯ ದೊಡ್ಡ ರಕ್ತನಾಳ ತುಂಡಾಗಿತ್ತು. ಅದನ್ನು ಹೊಲಿಯುವುದು ಆಗ ಯಾರಿಗೂ ಗೊತ್ತಿರಲಿಲ್ಲ, ಅಧ್ಯಕ್ಷ ಸತ್ತ. ವೈದ್ಯ ವಿದ್ಯಾರ್ಥಿಯಾಗಿದ್ದ ಕಾರೆಲ್ ನಾಳ ಹೊಲಿಯುವ ಹಟ ತೊಟ್ಟ. ರೇಷ್ಮೆಗೆ ಹೆಸರಾದ ಆ ಊರಿನ ಒಬ್ಬ ಕಸೂತಿ ಹೆಣ್ಣುಮಗಳ ಹತ್ತಿರ ಕೂತು ಸೂಕ್ಷ್ಮ ಸೂಜಿಯ ಕೆಲಸ ಕಲಿತ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಕಂಡವರಿಗೆ, ಶಸ್ತ್ರವೈದ್ಯನೊಬ್ಬ ಅಂಥವರಿಂದ ಪಾಠ ಹೇಳಿಸಿಕೊಂಡದ್ದು ವಿಚಿತ್ರ ಅನ್ನಿಸಲಾರದು. ಈ ವಿದ್ಯೆಗೆ 1912ರಲ್ಲಿ ಅವನಿಗೆ ನೊಬೆಲ್ ಬಂತು. ಮುಂದೆ ಮನುಷ್ಯರಲ್ಲಿ ಮೇಲು-ಕೀಳು ಆರಿಸಿ ತೆಗೆಯುವ ವಿಚಾರವನ್ನು ಅವನು ಎತ್ತಿಹಿಡಿದ. ಆ ಕ್ರೌರ್ಯವನ್ನು ಅವನ ಸೂಜಿಯ ಕೈಚಳಕ ಮುಚ್ಚುವುದಿಲ್ಲ. ಇಲ್ಲಿ ನಮಗೆ ಬೇಕಾದದ್ದು ಕೊಂಪಿಯೆನ್‌ನ ಕೆಲಸ.

ಅಲ್ಲಿ ಹೆನ್ರಿ ಡಾಕಿನ್ ಎಂಬ ಇಂಗ್ಲಿಷ್ ರಸಾಯನಜ್ಞ ತಯಾರಿಸಿದ ಕ್ಲೋರಿನ್ನಿನ ಸೌಮ್ಯ ದ್ರಾವಣವನ್ನು ರಬ್ಬರ್ ಕೊಳವೆಗಳಿಂದ ಎರಡು ಗಂಟೆಗೊಮ್ಮೆ ಗಾಯಕ್ಕೆ ಹಾಯಿಸುತ್ತಿದ್ದರು. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಎಷ್ಟೋ ಕೈಕಾಲುಗಳನ್ನು ಅದು ಉಳಿಸಿತು. ಕಾರೆಲ್‌ನ ಜೊತೆಗೆ ಸೇರಿದ ಪಿಯೇರ್ ಲೆಕೋಂತ್ ದ್ಯು ನುಯಿ ಎಂಬ ವಿಜ್ಞಾನಿ ಅಳತೆಯ ಕೆಲಸ ಹಿಡಿದ. ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅಂಚಿನ ಗುಂಟ ಗೆರೆ ಎಳೆಯುವುದು, ಆ ಗೆರೆಯೊಳಗಿನ ವಿಸ್ತೀರ್ಣ ಅಳೆಯುವುದು, ನಾಲ್ಕು ದಿನ ಬಿಟ್ಟು ಮತ್ತೆ ಅದನ್ನೇ ಮಾಡುವುದು. ಅಂಕಿಗಳನ್ನು ಜೋಡಿಸಿದಾಗ ನುಣುಪಾದ ಇಳಿಜಾರು ಗೆರೆ ಬಂತು. ಮೊದಲ ಕೆಲವು ಅಳತೆ ಸಿಕ್ಕರೆ ಗಾಯ ಯಾವ ದಿನಕ್ಕೆ ಮುಚ್ಚೀತು ಎಂದು ಮುಂಚೆಯೇ ಹೇಳಬಹುದಿತ್ತು. ಗಾಯ ಗೆರೆಗಿಂತ ಹಿಂದೆ ಬಿದ್ದರೆ ಒಳಗೆ ಸೋಂಕಿದೆ ಎಂದೇ ಅರ್ಥ. ವಯಸ್ಸಿನ ಪರಿಣಾಮ ಎದ್ದು ಕಂಡಿತು. ಒಂದೇ ಅಳತೆಯ ಗಾಯ ಇಪ್ಪತ್ತರ ಹುಡುಗನಿಗೆ ಬೇಗ, ನಲವತ್ತರವನಿಗೆ ಅದಕ್ಕಿಂತ ಬಹಳ ತಡವಾಗಿ ಮುಚ್ಚುತ್ತಿತ್ತು.

ಆ ಅಳತೆಗಳಿಂದ ನಾನು ತೆಗೆದುಕೊಳ್ಳುವುದು ಇಷ್ಟು: ಒಳ್ಳೆಯ ವೈದ್ಯ ಗಾಯದ ಗತಿಯನ್ನು ಕೆಡದಂತೆ ಕಾಯಬಲ್ಲ, ಅದನ್ನು ಓಡಿಸಲಾರ. ಸೋಂಕು, ಸಕ್ಕರೆ, ಹೊಗೆ, ಹಸಿವು ಇವು ಗತಿಯನ್ನು ಹಿಂದಕ್ಕೆಳೆಯುತ್ತವೆ. ಅವನ್ನು ದೂರವಿಟ್ಟರೆ ಸಿಗುವುದು ಆ ವಯಸ್ಸಿನ ಆ ಮೈಯ ಸಹಜ ಗತಿ. ಅದಕ್ಕಿಂತ ಬೇಗ ಮಾಯಿಸುವ ಟಾನಿಕ್, ಪುಡಿ, ಚುಚ್ಚುಮದ್ದು ಎಂದು ಮಾರಲು ಬಂದವರನ್ನು ನಂಬಿ ದುಡ್ಡು ಕಳೆಯಬೇಡಿ.

ಐವತ್ತು ವರ್ಷದ ಹಿಂದಿನ ಗಾಯ

ಮಾಯಿದ ಗಾಯ ಮಾಯಿದ್ದೇ, ಇನ್ನು ಅದರ ಚಿಂತೆ ಇಲ್ಲ ಎಂದುಕೊಳ್ಳುತ್ತೇವೆ. 1740ರಿಂದ 1744ರವರೆಗೆ ಭೂಮಿ ಸುತ್ತಿದ ಇಂಗ್ಲಿಷ್ ಕ್ಯಾಪ್ಟನ್ ಆನ್ಸನ್‌ನ ಹಡಗುಗಳಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ತಿಂಗಳುಗಟ್ಟಲೆ ಸೊಪ್ಪು, ಹಣ್ಣು ಕಾಣದ ನಾವಿಕರಿಗೆ ಒಸಡು ಊದಿ ರಕ್ತ ಸೋರುವ ಸ್ಕರ್ವಿ ಬಂತು. ಅವರಲ್ಲಿ ಒಬ್ಬ ಮುದುಕ 1690ರ ಬಾಯ್ನ್ ಕಾಳಗದಲ್ಲಿ ಗಾಯಗೊಂಡಿದ್ದವನು. ಐವತ್ತು ವರ್ಷದ ಹಿಂದೆ ಮಾಯಿದ ಆ ಗಾಯ ಹಡಗಿನಲ್ಲಿ ಮತ್ತೆ ಬಾಯಿ ಬಿಟ್ಟಿತು. ಬಹಳ ಹಿಂದೆ ಕೂಡಿದ್ದ ಮೂಳೆಯೂ ಮತ್ತೆ ಬಿಟ್ಟುಕೊಂಡಿತು ಎಂದು ಯಾನದ ವೃತ್ತಾಂತದಲ್ಲಿ ದಾಖಲಾಗಿದೆ.

ಇದು ಸಾಧ್ಯವಾಗುವುದು ಒಂದೇ ಕಾರಣಕ್ಕೆ. ಕಲೆಯ ಹಗ್ಗವನ್ನು ಮೈ ಎಂದೂ ಹೊಸೆದು ಮುಗಿಸುವುದಿಲ್ಲ. ಹಳೆಯ ನಾರು ದಿನವೂ ಸವೆಯುತ್ತದೆ, ದಿನವೂ ಹೊಸದು ಸೇರುತ್ತದೆ. ಹೊಸದರ ಪೂರೈಕೆ ನಿಂತು ಸವೆತ ಮಾತ್ರ ನಡೆದರೆ ಐವತ್ತು ವರ್ಷದ ಹಗ್ಗವೂ ಕಿತ್ತುಹೋಗುತ್ತದೆ. ಹೊಸ ನಾರು ನಿಂತದ್ದೇಕೆ? ಮೂರು ಎಳೆಗಳು ಒಂದಕ್ಕೊಂದು ಸುತ್ತಿ ನಿಲ್ಲಬೇಕಾದರೆ ಎಳೆಯ ಮೇಲೆ ಒಂದು ಚಿಕ್ಕ ರಾಸಾಯನಿಕ ಬದಲಾವಣೆ ಆಗಬೇಕು. ಅದಕ್ಕೆ ವಿಟಮಿನ್ ಸಿ ಬೇಕು. ಅದಿಲ್ಲದೆ ಹೊಸೆದ ಹುರಿ ಮೈಯ ಬಿಸಿಗೇ ಬಿಚ್ಚಿಕೊಳ್ಳುತ್ತದೆ. ದನ, ಆಡು, ನಾಯಿ ಈ ವಿಟಮಿನ್ನನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿ ಇಲ್ಲ, ತಿಂದೇ ಪಡೆಯಬೇಕು.

ಇದನ್ನು ಒಬ್ಬ ಡಾಕ್ಟರು ತನ್ನ ಮೈಮೇಲೆಯೇ ತೋರಿಸಿದ. ಅಮೆರಿಕದ ಬೋಸ್ಟನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಜಾನ್ ಕ್ರ್ಯಾಂಡನ್ ಆರು ತಿಂಗಳು ವಿಟಮಿನ್ ಸಿ ಇಲ್ಲದ ಊಟ ಮಾಡಿದ. ಮೂರು ತಿಂಗಳಿಗೆ ಬೆನ್ನಿನ ಮೇಲೆ ಒಂದು ಗಾಯ ಮಾಡಿಸಿಕೊಂಡ, ಅದು ಸರಿಯಾಗಿ ಮಾಯಿತು. ಆರು ತಿಂಗಳಿಗೆ ಇನ್ನೊಂದು. ಹತ್ತು ದಿನ ಬಿಟ್ಟು ನೋಡಿದರೆ ಮೇಲಿನ ಚರ್ಮ ಕೂಡಿತ್ತು, ಅದರ ಕೆಳಗೆ ಏನೂ ಕೂಡಿರಲಿಲ್ಲ. ವಿಟಮಿನ್ ಸಿ ಚುಚ್ಚುಮದ್ದು ಶುರುಮಾಡಿದ ಹತ್ತು ದಿನಕ್ಕೆ ಅದೂ ಕೂಡಿಕೊಂಡಿತು. 1940ರಲ್ಲಿ ಅವನು ಇದನ್ನು ಪ್ರಕಟಿಸಿದ. ಮುಚ್ಚುವುದೇ ಬೇರೆ, ಗಟ್ಟಿಯಾಗುವುದೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಹುಳಿ ಮತ್ತು ಕೀವು

ನಮ್ಮ ಕಡೆ ಆಪರೇಶನ್ ಆದವರ ಮನೆಯಲ್ಲಿ ಮೊದಲು ಕೇಳುವ ಮಾತು, "ಹುಳಿ ಮುಟ್ಟಬ್ಯಾಡ, ಕೀವು ಆಗತೈತಿ." ಲಿಂಬೆಹಣ್ಣು ನಂಜು, ಮೊಸರು ನಂಜು, ಬದನೆಕಾಯಿ ನಂಜು, ಮೊಟ್ಟೆ ನಂಜು. ಉಳಿಯುವುದು ಗಂಜಿ, ಬ್ರೆಡ್ಡು, ತಿಳಿಸಾರು. ಹೀಗೆ ಹೇಳುವ ಅತ್ತೆಗೋ ಅಜ್ಜಿಗೋ ರೋಗಿಯ ಮೇಲೆ ಇರುವ ಮಮತೆ ದೊಡ್ಡದು. ಆದರೆ ಹುರಿನಾರು ಎನ್ನುವುದು ಪ್ರೋಟೀನು. ಗಂಜಿಯಲ್ಲಿ ಅದು ತೀರಾ ಕಡಿಮೆ. ಹುರಿ ನಿಲ್ಲಿಸುವ ವಿಟಮಿನ್ ಸಿ ಲಿಂಬೆಹಣ್ಣು, ಪೇರಲ, ನೆಲ್ಲಿಕಾಯಿಗಳಲ್ಲಿದೆ, ಬ್ರೆಡ್ಡಿನಲ್ಲಿ ಇಲ್ಲ. ಮೈಗೆ ನಾರು ಅತಿ ಹೆಚ್ಚು ಬೇಕಾದ ಮೂರು ವಾರವೇ ನಾವು ಎರಡನ್ನೂ ನಿಲ್ಲಿಸುತ್ತೇವೆ. ಕೀವು ಆಗುವುದು ರೋಗಾಣುವಿನಿಂದ. ನುಂಗಿದ ಹುಳಿ ಗಾಯಕ್ಕೆ ಹೋಗಿ ಕೂಡುವ ದಾರಿಯೇ ಮೈಯಲ್ಲಿಲ್ಲ. ಹೊಟ್ಟೆಯ ಜಠರರಸ ಯಾವ ಲಿಂಬೆಹಣ್ಣಿಗಿಂತಲೂ ಹುಳಿ.

ಹಳೆಯ ಶಾಸ್ತ್ರ ಹೀಗೆ ಹೇಳುತ್ತದೆ ಎನ್ನುವವರು ಸುಶ್ರುತ ಸಂಹಿತೆಯನ್ನೇ ತೆರೆದು ನೋಡಬೇಕು. ಗಾಯಗೊಂಡವನು ಹುಳಿ, ಉಪ್ಪು, ಖಾರ ಬಿಡಲಿ ಎಂದು ಅದರಲ್ಲಿ ಇರುವುದು ನಿಜ. ಆದರೆ ಏನು ತಿನ್ನಬೇಕು ಎಂಬ ಕಡೆಯಲ್ಲಿ ಹಳೆಯ ಅಕ್ಕಿಯ ಬಿಸಿ ಅನ್ನದ ಜೊತೆಗೆ ಒಣಸೀಮೆಯ ಪ್ರಾಣಿಗಳ ಮಾಂಸ, ಹೆಸರಿನ ಕಟ್ಟು, ಸೊಪ್ಪುಗಳು, ನೆಲ್ಲಿಕಾಯಿ, ದಾಳಿಂಬೆ ಎಲ್ಲ ಇವೆ. ನಮ್ಮ ಮನೆಗಳಲ್ಲಿ ನಂಜು ಎನ್ನುವ ಬದನೆಕಾಯಿಯೂ ಆ ಪಟ್ಟಿಯಲ್ಲಿದೆ.

ಬೇಳೆ, ಹೆಸರುಕಾಳು, ಶೇಂಗಾ, ಮೊಸರು, ತಿನ್ನುವವರಿಗೆ ಮೊಟ್ಟೆ-ಮೀನು-ಮಾಂಸ, ದಿನಕ್ಕೊಂದು ಪೇರಲಹಣ್ಣು ಅಥವಾ ಊಟದ ಮೇಲೆ ಹಿಂಡಿದ ಲಿಂಬೆ, ಇಷ್ಟು ಸಾಕು. ವಿಟಮಿನ್ ಸಿ ಬಿಸಿಗೆ ಕೆಡುತ್ತದೆ, ಹಾಗಾಗಿ ಲಿಂಬೆಯನ್ನು ಕುದಿಸದೆ ಹಿಂಡುವುದು ಮೇಲು. ಮಾತ್ರೆಯ ರೂಪದಲ್ಲಿ ರಾಶಿ ನುಂಗಿದರೆ ಗಾಯ ಇನ್ನೂ ಬೇಗ ಮಾಯುವುದಿಲ್ಲ, ಕೊರತೆ ಇರಬಾರದು ಅಷ್ಟೇ. ಕರುಳಿನ ಆಪರೇಶನ್ ಆದವರು, ಕಿಡ್ನಿ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು ತಮ್ಮ ಡಾಕ್ಟರು ಹೇಳಿದ ಪಥ್ಯವನ್ನೇ ಹಿಡಿಯಬೇಕು, ಓಣಿಯ ಪಥ್ಯವನ್ನಲ್ಲ.

ಮಲಗಬೇಕೆ, ನಡೆಯಬೇಕೆ

ಭಾರ ಎತ್ತಬೇಡಿ ಎನ್ನುವ ಡಾಕ್ಟರೇ ಆಪರೇಶನ್ ಆದ ಮಾರನೇ ದಿನ, ಕೆಲವೊಮ್ಮೆ ಅದೇ ಸಂಜೆ, ಎಬ್ಬಿಸಿ ನಡೆಸುತ್ತಾರೆ. ಮನೆಯವರಿಗೆ ಗಾಬರಿ. ಹಿಂದೆ ಡಾಕ್ಟರುಗಳೂ ಹೀಗೆ ಗಾಬರಿಪಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದ ತನಕವೂ ಎರಡು ಮೂರು ವಾರ ಮಂಚ ಬಿಟ್ಟು ಇಳಿಯಬಾರದು ಎಂಬುದೇ ಹೆಚ್ಚಿನ ಕಡೆ ರೂಢಿಯಾಗಿತ್ತು.

ಆ ರೂಢಿಯನ್ನು ಮುರಿದ ಒಬ್ಬ ಹೆಂಗಸಿದ್ದಾಳೆ. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೇನ್ ಕ್ರಾಫರ್ಡ್ ಎಂಬಾಕೆ ಹೊಟ್ಟೆಯಲ್ಲಿ ಹತ್ತು ಕಿಲೋದ ಗಡ್ಡೆ ಹೊತ್ತುಕೊಂಡು, ಕುದುರೆ ಮೇಲೆ ಸುಮಾರು ನೂರು ಕಿಲೋಮೀಟರು ಹೋಗಿ, ಡ್ಯಾನ್ವಿಲ್ ಊರಿನ ವೈದ್ಯ ಎಫ್ರೈಮ್ ಮ್ಯಾಕ್‌ಡವೆಲ್‌ನಿಂದ ಆಪರೇಶನ್ ಮಾಡಿಸಿಕೊಂಡಳು. ಅರಿವಳಿಕೆ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಅಂಡಾಶಯದ ಗಡ್ಡೆಯನ್ನು ತೆಗೆದು ರೋಗಿ ಬದುಕಿದ ಮೊದಲ ದಾಖಲೆ ಇದು. ಐದನೇ ದಿನ ವೈದ್ಯ ಬಂದು ನೋಡಿದರೆ ಆಕೆ ಎದ್ದು ತನ್ನ ಹಾಸಿಗೆ ತಾನೇ ಸರಿಮಾಡುತ್ತಿದ್ದಳು. ಅವನು ಎಚ್ಚರಿಸಿದನಂತೆ. ಇಪ್ಪತ್ತೈದು ದಿನ ಆ ಊರಲ್ಲಿದ್ದು ಮತ್ತೆ ಕುದುರೆ ಹತ್ತಿ ಮನೆಗೆ ಹೋದಳು. ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಬದುಕಿದಳು.

ಆಕೆ ಎದ್ದದ್ದು ಸರಿ. ಕಾಲಿನ ರಕ್ತ ಮೇಲಕ್ಕೆ ಹರಿಯುವುದು ಮೀನಖಂಡದ ಸ್ನಾಯು ಹಿಂಡುವುದರಿಂದ. ಮಲಗಿಯೇ ಇದ್ದರೆ ಆ ಹಿಂಡುವಿಕೆ ನಿಂತು, ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ನಿಂತಂತೆಯೇ ಜೀವ ಹೋಗಬಹುದು. ನಡೆದರೆ ಕರುಳೂ ಬೇಗ ಚಲಿಸುತ್ತದೆ, ಶ್ವಾಸಕೋಶದಲ್ಲಿ ಕಫ ಕಟ್ಟುವುದಿಲ್ಲ. ಇನ್ನು ಹೊದಿಕೆಪೊರೆಯ ಮಾತು: ಸಮತಟ್ಟಾದ ನೆಲದಲ್ಲಿ ನಿಧಾನ ನಡೆಯುವಾಗ ಹೊಟ್ಟೆಯೊಳಗಿನ ಒತ್ತಡ ಹೆಚ್ಚೇನೂ ಏರುವುದಿಲ್ಲ. ಆ ಹಿತವಾದ ಎಳೆತ ನಾರು ಸಾಲುಗಟ್ಟುವುದಕ್ಕೆ ನೆರವಾಗುತ್ತದೆ. ಜೋರಾಗಿ ಕೆಮ್ಮಿದಾಗ, ಮಲ ಗಟ್ಟಿಯಾಗಿ ತಿಣುಕಿದಾಗ, ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಒತ್ತಡ ಹಲವು ಪಟ್ಟು ಏರುತ್ತದೆ. ಅದಕ್ಕೇ ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಿ, ಮಲಗಿದಲ್ಲಿಂದ ಏಳುವಾಗ ಮಗ್ಗುಲಿಗೆ ಹೊರಳಿ ಕೈಯೂರಿ ಏಳಿ ಎಂದು ಹೇಳಿಕೊಡುವುದು.

ಅವಧಿಗೆ ಮುಂಚೆ ಭಾರ ಎತ್ತಿದರೆ ಸಾಮಾನ್ಯವಾಗಿ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಮೇಲಿನ ಚರ್ಮ ಹಾಗೆಯೇ ಇರುತ್ತದೆ. ಒಳಗೆ ಹೊದಿಕೆಪೊರೆಯ ಎರಡು ಅಂಚು ಸ್ವಲ್ಪ ಸರಿದು, ನಡುವೆ ತೆಳು ನಾರಿನ ಸಂದು ಉಳಿಯಬಹುದು. ಎಷ್ಟೋ ತಿಂಗಳ ಮೇಲೆ, ಒಂದೆರಡು ವರ್ಷಕ್ಕೆ, ಆ ಸಂದಿನಲ್ಲಿ ಕರುಳು ಉಬ್ಬಿ ಕಾಣಬಹುದು. ಇದು ಕೊಯ್ದ ಜಾಗದ ಹರ್ನಿಯಾ. ಇದಕ್ಕೆ ಮತ್ತೊಂದು ಆಪರೇಶನ್ ಬೇಕಾಗುತ್ತದೆ.

ಭಾರ ಅಂದರೆ ಎಷ್ಟು

ಡಾಕ್ಟರು ಭಾರ ಎಂದಾಗ ಗಂಡಸರು ಭತ್ತದ ಚೀಲ ಎಂದುಕೊಳ್ಳುತ್ತಾರೆ. ಸಿಜೇರಿಯನ್ ಅಥವಾ ಗರ್ಭಕೋಶದ ಆಪರೇಶನ್ ಆದ ಹೆಣ್ಣುಮಗಳಿಗೆ ನಲ್ಲಿಯ ನೀರು ಭಾರದಲ್ಲಿ ಸೇರುತ್ತದೆ ಎಂದು ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ತುಂಬಿದ ಕೊಡ ಹತ್ತು ಕಿಲೋ ದಾಟುತ್ತದೆ. ಅದನ್ನು ಬಗ್ಗಿ ಎತ್ತಿ ಸೊಂಟಕ್ಕೆ ಇಡುವಾಗ ಹೊಟ್ಟೆಯ ಮೇಲೆ ಬೀಳುವ ಒತ್ತಡ ಸಣ್ಣದಲ್ಲ. ನೆನೆದ ಬಟ್ಟೆಯ ಬಕೆಟ್ಟು, ವರ್ಷದ ಮಗು, ಬದಲಿಸುವಾಗ ಸರಿಸುವ ಗ್ಯಾಸ್ ಸಿಲಿಂಡರು, ಎಲ್ಲವೂ ಭಾರವೇ.

ಎಲ್ಲ ಆಪರೇಶನ್ನಿಗೂ ಮೂರು ತಿಂಗಳು ಬೇಕಾಗುವುದಿಲ್ಲ. ದುರ್ಬೀನು ಹಾಕಿ ಚಿಕ್ಕ ತೂತಿನಲ್ಲಿ ಮಾಡಿದ್ದಾದರೆ ಹೊದಿಕೆಪೊರೆಯಲ್ಲಿ ಹೊಸೆಯಬೇಕಾದ ಜಾಗವೇ ಕಡಿಮೆ, ಕೆಲವು ವಾರ ಸಾಕಾಗುತ್ತದೆ. ಜಾಳಿಗೆ ಇಟ್ಟು ಮಾಡಿದ ಹರ್ನಿಯಾದ ಲೆಕ್ಕ ಬೇರೆ. ಹೊಕ್ಕುಳ ಮೇಲೆ ಕೆಳಗೆ ಉದ್ದಕ್ಕೆ ಕೊಯ್ದದ್ದಾದರೆ ಪೂರ್ತಿ ಅವಧಿ ಕಾಯಲೇಬೇಕು. ಆದ್ದರಿಂದ ಹೊಲಿಗೆ ಬಿಚ್ಚಿಸಿಕೊಳ್ಳಲು ಹೋದ ದಿನ, ಭಾರ ಎತ್ತಬೇಡಿ ಎಂಬ ಒಂದು ಮಾತಿಗೆ ಒಪ್ಪಿ ಎದ್ದು ಬರಬೇಡಿ. ಒಳಗಿನ ಹೊಲಿಗೆ ಯಾವ ಪದರದಲ್ಲಿದೆ, ಆರು ವಾರಕ್ಕೆ ಎಷ್ಟು ಕಿಲೋ ಎತ್ತಬಹುದು, ಮೂರು ತಿಂಗಳಿಗೆ ಎಷ್ಟು, ಕೊಡ ಯಾವಾಗ, ಚೀಲ ಯಾವಾಗ ಎಂದು ಕೇಳಿ. ಉತ್ತರವನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡು, ಮನೆಯಲ್ಲಿ ನೀರು ತರುವವರಿಗೂ ಮೇಸ್ತ್ರಿಗೂ ತೋರಿಸಿ.